ಒಂದೇ ಆಕಾರ, ಮೂರು ಬೆಲೆ: ದುಬಾರಿ ಎಲೆಕ್ಟ್ರಿಕ್ ಗಿಟಾರ್ ಆ ಬೆಲೆಗೆ ತಕ್ಕದ್ದೇ?

ಎಲೆಕ್ಟ್ರಿಕ್ ಗಿಟಾರ್ ಕೊಳ್ಳಬೇಕೆಂದು ಅಂಗಡಿಗೆ ಹೋದವರನ್ನು ಮೊದಲು ಕಾಡುವುದು ಬೆಲೆಯ ಚೀಟಿ. ಗೋಡೆಗೆ ತೂಗುಹಾಕಿದ ಮೂರು ಗಿಟಾರುಗಳಿಗೂ ಎರಡು ಕೊಂಬಿನ ಅದೇ ಬಾಡಿ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಅದೇ ಮೂರು ಪಿಕಪ್, ಅದೇ ಐದು ಹಂತದ ಸ್ವಿಚ್ಚು, ಬಾಡಿಯ ಮುಂಬದಿಗೆ ಹೊದಿಸಿದ ಅದೇ ಬಿಳಿಯ ಪಿಕ್‌ಗಾರ್ಡ್ ಇರುತ್ತವೆ. ಆದರೆ ಒಂದರ ಬೆಲೆ 25–30 ಸಾವಿರ ರೂಪಾಯಿಯ ಆಸುಪಾಸಿನಲ್ಲಿದ್ದರೆ, ಎರಡನೆಯದು ಲಕ್ಷದ ಹತ್ತಿರಕ್ಕೆ ಬರುತ್ತದೆ, ಮೂರನೆಯದು 2 ಲಕ್ಷವನ್ನು ಮುಟ್ಟುತ್ತದೆ. ಮೊದಲನೆಯದು ಇಂಡೋನೇಷ್ಯಾ ಅಥವಾ ಚೀನಾದಲ್ಲಿ ತಯಾರಾಗುವ ಸ್ಕ್ವೈಯರ್ ಅಫಿನಿಟಿ, ಎರಡನೆಯದು ಮೆಕ್ಸಿಕೋದ ಎನ್ಸೆನಾಡ ಕಾರ್ಖಾನೆಯ ಫೆಂಡರ್ ಪ್ಲೇಯರ್ 2, ಮೂರನೆಯದು ಕ್ಯಾಲಿಫೋರ್ನಿಯಾದ ಕೊರೊನಾದಲ್ಲಿ ತಯಾರಾಗುವ ಫೆಂಡರ್ ಅಮೆರಿಕನ್ ಪ್ರೊಫೆಷನಲ್ 2. ಮೂರೂ ಸ್ಟ್ರಾಟೊಕಾಸ್ಟರ್‌ಗಳೇ, ಮೂರೂ ಒಂದೇ ಸಂಸ್ಥೆಯವೇ. ಹೀಗಿರುವಾಗ ಆರೇಳು ಪಟ್ಟು ಹೆಚ್ಚಿನ ಬೆಲೆ ಕೊಟ್ಟವರಿಗೆ ನಿಜವಾಗಿ ಏನು ಸಿಗುತ್ತದೆ, ಎಷ್ಟು ಸಿಗುತ್ತದೆ ಎಂಬುದನ್ನು ಈ ವಿಮರ್ಶೆಯಲ್ಲಿ ನೋಡೋಣ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ಅಗ್ಗದ ಗಿಟಾರ್ ಎಂದರೆ ನಕಲು, ದುಬಾರಿಯದು ಎಂದರೆ ಕುಶಲಕರ್ಮಿಯೊಬ್ಬ ಕೈಯಿಂದ ಕೆತ್ತಿದ್ದು ಎಂಬ ಕಲ್ಪನೆ ಸ್ಟ್ರಾಟೊಕಾಸ್ಟರ್ ಮಟ್ಟಿಗೆ ಸಲ್ಲುವುದಿಲ್ಲ. ಲಿಯೊ ಫೆಂಡರ್ ಮೂಲತಃ ರೇಡಿಯೊ ರಿಪೇರಿಯ ಮನುಷ್ಯ. 1954ರಲ್ಲಿ ಮಾರುಕಟ್ಟೆಗೆ ಬಂದ ಈ ಗಿಟಾರನ್ನು ಅವರ ಸಂಸ್ಥೆ ರೂಪಿಸಿದ್ದೇ ಕಾರ್ಖಾನೆಯಲ್ಲಿ ಬೇಗ, ಸುಲಭವಾಗಿ, ದೊಡ್ಡ ಸಂಖ್ಯೆಯಲ್ಲಿ ತಯಾರಾಗಲಿ ಎಂದು. ನೆಕ್ಕನ್ನು, ಅಂದರೆ ಗಿಟಾರಿನ ಉದ್ದನೆಯ ಕತ್ತನ್ನು, ಬಾಡಿಗೆ ಅಂಟಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿದದ್ದು, ವಿದ್ಯುತ್ ಭಾಗಗಳನ್ನು ಬಹುಪಾಲು ಪಿಕ್‌ಗಾರ್ಡಿಗೇ ಜೋಡಿಸಿ ಒಟ್ಟಾಗಿ ಕೂರಿಸಿದ್ದು ಆ ಲೆಕ್ಕಾಚಾರದಿಂದಲೇ. ಮುಂದೆ ಜಪಾನಿನ ಕಂಪನಿಗಳು ಇದೇ ಗಿಟಾರನ್ನು ಕಡಿಮೆ ಬೆಲೆಗೆ, ಎಷ್ಟೋ ಸಲ ಹೆಚ್ಚಿನ ಅಚ್ಚುಕಟ್ಟುತನದಿಂದ ತಯಾರಿಸತೊಡಗಿದಾಗ, ಫೆಂಡರ್ 1982ರಲ್ಲಿ ಜಪಾನಿನಲ್ಲೇ ತಯಾರಿ ಆರಂಭಿಸಿತು. ತಾನು 1965ರಲ್ಲಿ ಕೊಂಡಿದ್ದ ಸ್ಕ್ವೈಯರ್ ಎಂಬ ತಂತಿ ತಯಾರಕ ಸಂಸ್ಥೆಯ ಹೆಸರನ್ನು ಆ ಗಿಟಾರುಗಳಿಗೆ ಇಟ್ಟಿತು. ಆ ಮೊದಲ ಜಪಾನೀ ಸ್ಕ್ವೈಯರ್‌ಗಳನ್ನು ಇಂದು ಸಂಗ್ರಾಹಕರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ಅಸಲಿ-ನಕಲಿಯ ಪ್ರಶ್ನೆಯೇ ಏಳುವುದಿಲ್ಲ. ಒಂದೇ ನಕ್ಷೆಗೆ ಎಷ್ಟು ಸಾಮಗ್ರಿ, ಎಷ್ಟು ಹೊತ್ತಿನ ಕೈಕೆಲಸ, ಯಾವ ದೇಶದ ಕೂಲಿ ಸೇರಿತು ಎಂಬುದಷ್ಟೇ ವ್ಯತ್ಯಾಸ.

ಮೂರನ್ನೂ ಹೋಲಿಸುವಾಗ ಒಂದೇ ಅಳತೆಯ ಹೊಸ ತಂತಿಗಳನ್ನು ಹಾಕಿ, ಒಂದೇ ಕೇಬಲ್ಲಿನಿಂದ ಒಂದೇ ಸಣ್ಣ ವಾಲ್ವ್ ಆಂಪಿಗೆ (ಧ್ವನಿವರ್ಧಕಕ್ಕೆ) ಜೋಡಿಸಿ, ಅದರ ನಾಬುಗಳನ್ನು ಮುಟ್ಟದೆ ನುಡಿಸಿದೆ. ಈ ಎಚ್ಚರ ವಹಿಸದೆ ಮಾಡುವ ಹೋಲಿಕೆಗಳಿಗೆ ಅರ್ಥವಿಲ್ಲ. ಅಂಗಡಿಯಲ್ಲಿ ಅಗ್ಗದ ಗಿಟಾರನ್ನು ತುಕ್ಕು ಹಿಡಿದ ತಂತಿಗಳೊಂದಿಗೆ ಮೂಲೆಯ ಪುಟ್ಟ ಆಂಪಿಗೂ, ದುಬಾರಿಯದನ್ನು ಅಂಗಡಿಯ ಅತ್ಯುತ್ತಮ ಆಂಪಿಗೂ ಜೋಡಿಸಿ ಕೇಳಿಸಿದರೆ ಯಾರಿಗಾದರೂ ಎರಡನೆಯದೇ ಹಿಡಿಸುತ್ತದೆ.

ನಾದದಿಂದಲೇ ಆರಂಭಿಸೋಣ, ಏಕೆಂದರೆ ದುಬಾರಿ ಗಿಟಾರಿನ ಪರವಾಗಿ ಎಲ್ಲರೂ ಮೊದಲು ಮಂಡಿಸುವ ವಾದ ಅದೇ. ಎಲೆಕ್ಟ್ರಿಕ್ ಗಿಟಾರಿನಲ್ಲಿ ನಾದ ಹುಟ್ಟುವುದು ಪಿಕಪ್ಪಿನ ಆಯಸ್ಕಾಂತ ಕ್ಷೇತ್ರದಲ್ಲಿ ಉಕ್ಕಿನ ತಂತಿ ಕಂಪಿಸಿದಾಗ, ಪಿಕಪ್ಪಿನೊಳಗಿನ ಸುರುಳಿಯಲ್ಲಿ ಮೂಡುವ ವಿದ್ಯುತ್ತಿನಿಂದ. ಆ ಸುರುಳಿಯಲ್ಲಿ ಕೂದಲಿಗಿಂತ ತೆಳುವಾದ ತಾಮ್ರದ ತಂತಿ ಏಳೆಂಟು ಸಾವಿರ ಸುತ್ತು ಸುತ್ತಿಕೊಂಡಿರುತ್ತದೆ. ಅಫಿನಿಟಿಯ ಪಿಕಪ್ಪಿನಲ್ಲಿ ಸೆರಾಮಿಕ್ ಆಯಸ್ಕಾಂತವಿದೆ. ಇಂಥ ಪಿಕಪ್ಪನ್ನು ಬಿಚ್ಚಿ ತಿರುಗಿಸಿ ನೋಡಿದರೆ ಅಡಿಯಲ್ಲಿ ಅಂಟಿಸಿದ ಕಪ್ಪು ಪಟ್ಟಿಯೇ ಆಯಸ್ಕಾಂತ, ಮೇಲೆ ಕಾಣುವ ಆರು ತುದಿಗಳು ಬರಿಯ ಕಬ್ಬಿಣದ ಕಡ್ಡಿಗಳು ಎಂಬುದು ತಿಳಿಯುತ್ತದೆ. ಪ್ಲೇಯರ್ 2 ಮತ್ತು ಅಮೆರಿಕನ್ ಪ್ರೊಫೆಷನಲ್ 2ರಲ್ಲಿ ಅಲ್ಯೂಮಿನಿಯಮ್, ನಿಕಲ್, ಕೋಬಾಲ್ಟ್ ಸೇರಿದ ಆಲ್ನಿಕೊ ಮಿಶ್ರಲೋಹದ ಕಡ್ಡಿಗಳೇ ಆಯಸ್ಕಾಂತಗಳಾಗಿರುತ್ತವೆ. ಆಂಪಿನ ನಾದ ಶುಭ್ರವಾಗಿದ್ದಾಗ ಈ ವ್ಯತ್ಯಾಸ ಕಿವಿಗೆ ಬೀಳುತ್ತದೆ: ಸೆರಾಮಿಕ್ ಪಿಕಪ್ಪಿನ ಮೇಲಿನ ಸ್ವರಗಳಲ್ಲಿ ತುಸು ಒರಟುತನವಿದ್ದು, ತಂತಿ ಮೀಟುವ ಪಿಕ್ಕನ್ನು ಮೆಲ್ಲಗೆ ಮುಟ್ಟಿಸಿದರೂ ಜೋರಾಗಿ ಮುಟ್ಟಿಸಿದರೂ ನಾದದ ಬಣ್ಣ ಹೆಚ್ಚು ಬದಲಾಗುವುದಿಲ್ಲ; ಆಲ್ನಿಕೊದಲ್ಲಿ ಬೆರಳಿನ ಒತ್ತಡಕ್ಕೆ ತಕ್ಕಂತೆ ನಾದ ಮೃದುವಾಗಿಯೂ ಚೂಪಾಗಿಯೂ ಹೊರಳುತ್ತದೆ.

ಆದರೆ ಈ ಅಂತರವಿರುವುದು ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಎಂಬುದನ್ನು ಗಮನಿಸಬೇಕು. ಮೆಕ್ಸಿಕೋ ಮತ್ತು ಅಮೆರಿಕದ ಗಿಟಾರುಗಳ ನಡುವೆ ನಾದದ ವ್ಯತ್ಯಾಸ ಇಲ್ಲವೆಂದಲ್ಲ, ಇದೆ. ಆದರೆ ಅದು ಆಂಪಿನ ಟ್ರೆಬಲ್ ನಾಬನ್ನು ಅರ್ಧ ಗೆರೆ ತಿರುಗಿಸಿದರೆ ಮಾಯವಾಗುವಷ್ಟು. ಆಂಪಿನಲ್ಲಿ ಗೇನ್, ಅಂದರೆ ಸಂಕೇತದ ಬಲ, ಏರಿಸಿ ನಾದವನ್ನು ಒಡೆಸಿದ ಮೇಲಂತೂ ಮೂರರಲ್ಲಿ ಯಾವುದು ಯಾವುದೆಂದು ಕಣ್ಣು ಮುಚ್ಚಿ ಹೇಳುವುದು ಕಷ್ಟ. ಡ್ರಮ್ಮು, ಬೇಸುಗಳ ನಡುವೆ ಅಸಾಧ್ಯ. ಪಿಕಪ್ಪುಗಳನ್ನು ಬದಲಾಯಿಸುವುದೂ ಬೆಸುಗೆ ಕಡ್ಡಿ ಹಿಡಿಯಲು ಬರುವವರಿಗೆ ಒಂದು ಮಧ್ಯಾಹ್ನದ ಕೆಲಸ. ನಾದದ ಸಲುವಾಗಿಯೇ ಲಕ್ಷಾಂತರ ರೂಪಾಯಿ ಕೊಡುವವರು ಆ ಹಣದ ಕಾಲುಭಾಗವನ್ನು ಒಳ್ಳೆಯ ಆಂಪು, ಸ್ಪೀಕರುಗಳಿಗೆ ಹಾಕಿದರೆ ಹೆಚ್ಚಿನ ಫಲ ಕಾಣುತ್ತಾರೆ.

ಬಾಡಿಯ ಮರದ ಬಗ್ಗೆ ಗಿಟಾರ್ ವಾದಕರ ನಡುವೆ ಮುಗಿಯದ ಜಗಳವಿದೆ. ಅಫಿನಿಟಿಯದು ಪಾಪ್ಲರ್, ಉಳಿದೆರಡರದು ಬಹುಪಾಲು ಆಲ್ಡರ್. ಅಕೂಸ್ಟಿಕ್ ಗಿಟಾರಿನಲ್ಲಿ ಮರವೇ ನಾದದ ಮೂಲ, ಅದರಲ್ಲಿ ಎರಡು ಮಾತಿಲ್ಲ. ಗಟ್ಟಿ ಹಲಗೆಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಅದರ ಪಾತ್ರ ಬಹಳ ಚಿಕ್ಕದು ಎಂಬುದು ನನ್ನ ಅಭಿಪ್ರಾಯ. ಮರದಿಂದ ತೂಕ ಬದಲಾಗುತ್ತದೆ, ಬಣ್ಣದಡಿಯ ಎಳೆಗಳ ಚೆಲುವು ಬದಲಾಗುತ್ತದೆ. ಇಷ್ಟಕ್ಕೆ ಈ ವಿಷಯವನ್ನು ಬಿಡಬಹುದು.

ನೆಕ್ಕಿನ ಮೇಲೆ ತಂತಿ ಒತ್ತುವ ಬೆರಳಹಲಗೆಯ ಮರದ ಕಥೆ ಮಾತ್ರ ನಮಗೆ ಹತ್ತಿರದ್ದು. ಜಗತ್ತಿನ ದುಬಾರಿ ಗಿಟಾರುಗಳಲ್ಲಿ 'ಇಂಡಿಯನ್ ರೋಸ್‌ವುಡ್' ಎಂದು ಹೆಮ್ಮೆಯಿಂದ ನಮೂದಿಸುವ ಮರ ನಮ್ಮ ಪಶ್ಚಿಮ ಘಟ್ಟದ ಬೀಟೆ. ಈ ಕುಲದ ಮರಗಳೆಲ್ಲ 2017ರ ಜನವರಿಯಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿರ್ಬಂಧದ ಪಟ್ಟಿಗೆ ಸೇರಿದಾಗ, ಒಂದೊಂದು ಗಿಟಾರಿನ ರಫ್ತಿಗೂ ಕಾಗದಪತ್ರ ಬೇಕಾಗಿ, ಫೆಂಡರ್ ತನ್ನ ಮೆಕ್ಸಿಕೋ ಗಿಟಾರುಗಳಲ್ಲಿ ಬೀಟೆಯ ಬದಲು ಪಾವ್ ಫೆರೊ ಎಂಬ ದಕ್ಷಿಣ ಅಮೆರಿಕದ ಮರವನ್ನು ಬಳಸತೊಡಗಿತು. 2019ರ ಕೊನೆಯಲ್ಲಿ ಸಿದ್ಧ ಸಂಗೀತ ವಾದ್ಯಗಳಿಗೆ ವಿನಾಯಿತಿ ದೊರೆಯಿತು; 2024ರಲ್ಲಿ ಬಂದ ಪ್ಲೇಯರ್ 2ರಲ್ಲಿ ಬೀಟೆ ಮರಳಿದೆ. ಅಫಿನಿಟಿಯಲ್ಲಿ ಅದರ ಜಾಗದಲ್ಲಿರುವ 'ಇಂಡಿಯನ್ ಲಾರೆಲ್' ನೋಡಲು ತುಸು ಮಾಸಲು, ಮುಟ್ಟಲು ತುಸು ಒಣಕಲು. ಎಣ್ಣೆ ಹಚ್ಚಿ ಒರೆಸಿದರೆ ಅದೂ ಚೆನ್ನಾಗಿಯೇ ಕಾಣುತ್ತದೆ. ಘಟ್ಟದ ಮರ ಸಮುದ್ರ ದಾಟಿ ಹೋಗಿ, ಗಿಟಾರಿನ ಮೇಲೆ ಕುಳಿತು, ಆಮದು ಸುಂಕ ತೆತ್ತು ಬೆಂಗಳೂರಿಗೆ ಮರಳುವುದರಲ್ಲಿ ಒಂದು ವಿನೋದವೂ ಇದೆ.

ಬೆಲೆಯ ನಿಜವಾದ ವ್ಯತ್ಯಾಸ ತಿಳಿಯುವುದು ಎಡಗೈಗೆ. ನೆಕ್ಕಿನ ಅಂಚಿನ ಮೇಲೆ ಹೆಬ್ಬೆರಳಿನ ಬುಡವನ್ನು ಮೇಲಿಂದ ಕೆಳಗೆ ಜಾರಿಸಿ ನೋಡಬೇಕು. ಕಡಿಮೆ ಬೆಲೆಯ ಗಿಟಾರುಗಳಲ್ಲಿ, ಅವು ಯಾವ ಕಂಪನಿಯವಾದರೂ, ಬೆರಳಹಲಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್ಟಿನ ತುದಿಗಳು ಗರಗಸದ ಹಲ್ಲಿನ ಹಾಗೆ ಚರ್ಮಕ್ಕೆ ತಗಲುವುದು ಸಾಮಾನ್ಯ. ಕಾರಣ ಸರಳ: ಫ್ರೆಟ್ಟಿನ ಲೋಹ ಕುಗ್ಗುವುದಿಲ್ಲ, ಮರ ಕುಗ್ಗುತ್ತದೆ. ತೇವದ ವಾತಾವರಣದಲ್ಲಿ ತಯಾರಾದ ಗಿಟಾರ್ ಒಣಹವೆಗೆ ಬಂದಾಗ ಬೆರಳಹಲಗೆ ಕೂದಲೆಳೆಯಷ್ಟು ಕಿರಿದಾಗಿ, ಲೋಹದ ತುದಿಗಳು ಹೊರಚಾಚುತ್ತವೆ. ಬೆಂಗಳೂರಿನಲ್ಲಿ ಫೆಬ್ರುವರಿಯಿಂದ ಮಳೆ ಬೀಳುವವರೆಗೂ, ಕಲಬುರಗಿ, ರಾಯಚೂರುಗಳಲ್ಲಿ ಇನ್ನೂ ದೀರ್ಘಕಾಲ ಈ ಕಾಟ ಇದ್ದದ್ದೇ. ದುಬಾರಿ ಗಿಟಾರಿನಲ್ಲಿ ಮರವನ್ನು ಹೆಚ್ಚು ಕಾಲ ಹದಗೊಳಿಸಿ, ಫ್ರೆಟ್ ತುದಿಗಳನ್ನು ಒಂದೊಂದಾಗಿ ಅರದಿಂದ ದುಂಡಾಗಿಸಿ, ಬೆರಳಹಲಗೆಯ ಅಂಚನ್ನೂ ಸವರಿರುತ್ತಾರೆ. ಪ್ಲೇಯರ್ 2ರಲ್ಲಿ ಆ ಅಂಚು ಸವರುವ ಕೆಲಸವನ್ನು ಈಗ ಮಾಡುತ್ತಿದ್ದಾರೆ, ಹಿಂದಿನ ಪ್ಲೇಯರಿನಲ್ಲಿ ಇರಲಿಲ್ಲ. ಅಮೆರಿಕನ್ ಗಿಟಾರಿನಲ್ಲಿ ಅದರ ಜೊತೆಗೆ ನೆಕ್ಕಿನ ಹಿಂಬದಿಗೆ ರೇಷ್ಮೆಯಂತಹ ನುಣುಪಿದೆ, ನೆಕ್ಕು ಬಾಡಿಗೆ ಸೇರುವ ಜಾಗವನ್ನು ಕೆತ್ತಿ ಇಳಿಜಾರಾಗಿಸಿದ್ದಾರೆ. ಹದಿನೇಳನೆಯ ಫ್ರೆಟ್ಟಿನಿಂದ ಮೇಲೆ ಹೋಗುವ ಕೈಗೆ ಇದರ ಬೆಲೆ ತಿಳಿಯುತ್ತದೆ.

ಫ್ರೆಟ್ಟುಗಳ ಎತ್ತರ ಸಮವಾಗಿದೆಯೇ ಎಂಬುದು ಇನ್ನೂ ಮುಖ್ಯ. ಇದನ್ನು ಪರೀಕ್ಷಿಸಲು ನಾನು ಬಳಸುವ ಉಪಾಯ ನಮ್ಮ ಸಂಗೀತದಿಂದ ಬಂದದ್ದು. ವೀಣೆಯಲ್ಲಿ ಮಾಡುವಂತೆ ಒಂದೇ ಮನೆಯಲ್ಲಿ ಬೆರಳಿಟ್ಟು ತಂತಿಯನ್ನು ಪಕ್ಕಕ್ಕೆ ಎಳೆದು, ಷಡ್ಜದಿಂದ ರಿಷಭ, ಗಾಂಧಾರದವರೆಗೆ ಸ್ವರವನ್ನು ಏರಿಸಿ ಇಳಿಸಬೇಕು. ಹನ್ನೆರಡನೆಯ ಫ್ರೆಟ್ಟಿನಿಂದ ಮೇಲೆ, ಮೊದಲ ಮತ್ತು ಎರಡನೆಯ ತಂತಿಗಳಲ್ಲಿ, ಪ್ರತಿ ಮನೆಯಲ್ಲೂ ಹೀಗೆ ಗಮಕ ಹಿಡಿದು ನೋಡಿದರೆ ಫ್ರೆಟ್ಟಿನ ಗುಟ್ಟು ಬಯಲಾಗುತ್ತದೆ. ಮುಂದಿನ ಯಾವುದೋ ಫ್ರೆಟ್ಟು ಒಂದು ಎಳೆಯಷ್ಟು ಎತ್ತರವಿದ್ದರೂ ಎಳೆದ ತಂತಿ ಅದಕ್ಕೆ ತಗಲಿ, ಸ್ವರ ನಡುವೆಯೇ ಸತ್ತುಹೋಗುತ್ತದೆ. ಫ್ರೆಟ್ಟಿನ ಮೇಲ್ಮೈಗೆ ಸರಿಯಾಗಿ ಹೊಳಪು ಕೊಡದಿದ್ದರೆ ಎಳೆಯುವಾಗ ಮರಳುಕಾಗದದ ಮೇಲೆ ಉಜ್ಜಿದಂತೆ ಕರಕರ ಎನ್ನುತ್ತದೆ. ಬರಿಯ ಕಾರ್ಡ್‌ಗಳನ್ನು ನುಡಿಸುವವರಿಗೆ ಈ ದೋಷಗಳು ವರ್ಷಗಟ್ಟಲೆ ಗೊತ್ತಾಗದಿರಬಹುದು; ರಾಗ ನುಡಿಸುವವರಿಗೆ, ಬ್ಲೂಸ್ ನುಡಿಸುವವರಿಗೆ ಮೊದಲ ದಿನವೇ ಗೊತ್ತಾಗುತ್ತದೆ. ಈ ಪರೀಕ್ಷೆಯಲ್ಲಿ ಪ್ಲೇಯರ್ 2, ಅಮೆರಿಕನ್ ಪ್ರೊಫೆಷನಲ್ 2 ಎರಡೂ ಕೈಗೆ ಹಿತವಾದವು. ಅಗ್ಗದ ಗಿಟಾರುಗಳಲ್ಲಿ ಫಲಿತಾಂಶ ಒಂದೊಂದು ಗಿಟಾರಿಗೂ ಬೇರೆ ಬೇರೆ. ಒಂದೇ ಮಾದರಿಯ, ಒಂದೇ ಬಣ್ಣದ ಎರಡು ಗಿಟಾರುಗಳಲ್ಲಿ ಒಂದು ನಿರ್ದೋಷವಾಗಿಯೂ ಇನ್ನೊಂದು ಕಿರಿಕಿರಿಯಾಗಿಯೂ ಇರಬಹುದು. ಆದ್ದರಿಂದಲೇ ಕಡಿಮೆ ಬೆಲೆಯ ಗಿಟಾರನ್ನು ಆನ್‌ಲೈನಿನಲ್ಲಿ ತರಿಸುವುದಕ್ಕಿಂತ ಅಂಗಡಿಗೆ ಹೋಗಿ, ಇರುವಷ್ಟನ್ನೂ ಕೈಯಲ್ಲಿ ಹಿಡಿದು ಆರಿಸಬೇಕು ಎನ್ನುವುದು.

ಈ ಅಸಮತೆಗೆ ಕಾರಣ ಯಂತ್ರವಲ್ಲ. ಕಂಪ್ಯೂಟರ್ ನಿಯಂತ್ರಿತ ಕೆತ್ತನೆ ಯಂತ್ರಗಳು ಬಂದ ಮೇಲೆ ಇಂಡೋನೇಷ್ಯಾದ ನೆಕ್ಕೂ ಕ್ಯಾಲಿಫೋರ್ನಿಯಾದ ನೆಕ್ಕೂ ಹೆಚ್ಚುಕಡಿಮೆ ಒಂದೇ ಕರಾರುವಾಕ್ಕುತನದಿಂದ ಕೆತ್ತಿಸಿಕೊಳ್ಳುತ್ತವೆ. ನಲವತ್ತು ವರ್ಷಗಳ ಹಿಂದಿನ ಅಗ್ಗದ ಗಿಟಾರಿಗೂ ಇಂದಿನದಕ್ಕೂ ಅಜಗಜಾಂತರವಿರುವುದು ಈ ಯಂತ್ರಗಳಿಂದಲೇ. ವ್ಯತ್ಯಾಸ ಉಳಿದಿರುವುದು ಯಂತ್ರ ಮುಗಿಸಿದ ಮೇಲೆ ಮನುಷ್ಯನ ಕೈ ಮಾಡುವ ಕೆಲಸದಲ್ಲಿ: ಫ್ರೆಟ್ಟುಗಳನ್ನು ಸಮಗೊಳಿಸುವುದು, ತುದಿ ದುಂಡಾಗಿಸುವುದು, ತಲೆಯ ಬಳಿ ತಂತಿಗಳು ಹಾದುಹೋಗುವ ಪಟ್ಟಿಯಾದ ನಟ್ಟಿನ ಗೀರುಗಳನ್ನು ಸರಿಯಾದ ಆಳಕ್ಕೆ ಇಳಿಸುವುದು, ಕೊನೆಯ ಸೆಟಪ್ಪು. ಈ ಕೆಲಸಕ್ಕೆ ಸಮಯ ಬೇಕು, ಸಮಯಕ್ಕೆ ಕೂಲಿ ಕೊಡಬೇಕು. ಎನ್ಸೆನಾಡ ಮತ್ತು ಕೊರೊನಾ ಕಾರ್ಖಾನೆಗಳ ನಡುವೆ ರಸ್ತೆಯಲ್ಲಿ ಕೆಲವೇ ಗಂಟೆಗಳ ದಾರಿ. ಆದರೆ ನಡುವೆ ಗಡಿ ಇದೆ, ಕೂಲಿಯ ದರ ಬೇರೆ ಇದೆ. ಬೆಲೆ ಇಮ್ಮಡಿಯಾಗುವುದರಲ್ಲಿ ಆ ಗಡಿಯ ಪಾಲು ದೊಡ್ಡದು. ನಮ್ಮಲ್ಲಿ ಆಮದು ಸುಂಕ, ಜಿಎಸ್‌ಟಿ ಎರಡೂ ಶೇಕಡಾ ಲೆಕ್ಕದಲ್ಲಿ ಬೀಳುವುದರಿಂದ, ಗ್ರಾಹಕ ಕೊಡುವ ಹೆಚ್ಚುವರಿ ಹಣದ ಒಂದು ಭಾಗ ಗಿಟಾರಿನವರೆಗೂ ತಲುಪದೆ ಸರ್ಕಾರದ ಖಜಾನೆಗೆ ಹೋಗುತ್ತದೆ ಎಂಬುದನ್ನೂ ಮರೆಯಬಾರದು.

ಈ ಕೈಕೆಲಸವನ್ನು ಇಲ್ಲಿಯೇ ಮಾಡಿಸಿಕೊಳ್ಳಬಹುದೇ ಎಂದರೆ, ಬಹುಪಾಲು ಮಾಡಿಸಿಕೊಳ್ಳಬಹುದು. ಗಿಟಾರ್ ರಿಪೇರಿ ಬಲ್ಲ ಒಳ್ಳೆಯ ಕೆಲಸಗಾರರು ಬೆಂಗಳೂರಿನಲ್ಲಿದ್ದಾರೆ. ನೆಕ್ಕಿನೊಳಗಿನ ಲೋಹದ ಸರಳಾದ ಟ್ರಸ್ ರಾಡ್ ತಿರುಗಿಸಿ ನೆಕ್ಕಿನ ಬಾಗುವಿಕೆಯನ್ನು ಸರಿಪಡಿಸಿ, ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯ ಎತ್ತರವನ್ನು ಸುಮಾರು 1.6 ಮಿಲಿಮೀಟರಿಗೆ ಇಳಿಸಿ, ಎಲ್ಲ ಫ್ರೆಟ್ಟುಗಳಲ್ಲೂ ಸ್ವರ ಶ್ರುತಿಯಲ್ಲಿರುವಂತೆ ಇಂಟೊನೇಷನ್ ಹೊಂದಿಸಿ, ಫ್ರೆಟ್ ತುದಿಗಳನ್ನು ಅರದಿಂದ ಸವರಿದರೆ, 25–30 ಸಾವಿರದ ಗಿಟಾರ್ ಅದರ ದುಪ್ಪಟ್ಟು ಬೆಲೆಯದರಂತೆ ಕೈಗೆ ಒಗ್ಗುತ್ತದೆ. ಅದಕ್ಕೆ ತಗಲುವ ಖರ್ಚು ಕೆಲವೇ ಸಾವಿರ. ಹೊಸ ಗಿಟಾರ್ ಕೊಂಡು ಸೆಟಪ್ ಮಾಡಿಸದೆ 'ಅಗ್ಗದ್ದು, ಅದಕ್ಕೇ ಹೀಗೆ' ಎಂದು ಬೈಯುವವರೇ ಹೆಚ್ಚು.

ಬಿಡಿಭಾಗಗಳಲ್ಲೂ ಇದೇ ಬಗೆಯ ಏರಿಳಿತವಿದೆ. ಅಗ್ಗದ ಗಿಟಾರುಗಳಲ್ಲಿ ನಟ್ಟು ಪ್ಲಾಸ್ಟಿಕ್ಕಿನದು, ಬಾಡಿಯ ಮೇಲೆ ತಂತಿಗಳನ್ನು ಹಿಡಿದಿಡುವ ಬ್ರಿಜ್ಜಿನ ಅಡಿಯ ದಿಮ್ಮಿ ಸತುವಿನ ಎರಕ, ವಾಲ್ಯೂಮ್ ನಾಬಿನಡಿಯ ಪಾಟುಗಳು (ತಿರುಗುವ ನಿಯಂತ್ರಕಗಳು) ಚಿಕ್ಕವು. ಕೆಲವು ಮಳೆಗಾಲ ಕಳೆದ ಮೇಲೆ ಆ ನಾಬನ್ನು ತಿರುಗಿಸಿದರೆ ಆಂಪಿನಲ್ಲಿ ಗರಗರ ಕೇಳಿಸುತ್ತದೆ. ಮಂಗಳೂರು, ಉಡುಪಿ ಕಡೆಯವರಿಗೆ ಇನ್ನೂ ಬೇಗ. ಅಮೆರಿಕನ್ ಪ್ರೊಫೆಷನಲ್ 2ರಲ್ಲಿ ಮೂಳೆಯ ನಟ್ಟು, ಉಕ್ಕಿನ ದಿಮ್ಮಿ, ವಾಲ್ಯೂಮ್ ಇಳಿಸಿದರೂ ಮೇಲಿನ ಸ್ವರಗಳ ಚುರುಕು ಕುಂದದಂತೆ ಮಾಡುವ ಪುಟ್ಟ ಸರ್ಕಿಟ್, ನೆಕ್ ಪಿಕಪ್ಪನ್ನು ಬೇಕೆಂದಾಗ ಸೇರಿಸುವ ಒತ್ತುಗುಂಡಿ ಇವೆ. ಶ್ರುತಿ ನಿಲ್ಲುವ ವಿಷಯದಲ್ಲಿ ಟ್ಯೂನರುಗಳನ್ನು ದೂರುವುದು ರೂಢಿ, ಆದರೆ ದೋಷ ಹೆಚ್ಚಾಗಿ ಇರುವುದು ನಟ್ಟಿನಲ್ಲಿ. ಗೀರು ಬಿಗಿಯಾಗಿದ್ದರೆ ಎಳೆದ ತಂತಿ ಅಲ್ಲೇ ಸಿಕ್ಕಿಕೊಂಡು ಹಿಂದಿನ ಶ್ರುತಿಗೆ ಮರಳುವುದಿಲ್ಲ. ಗೀರಿನಲ್ಲಿ ಪೆನ್ಸಿಲ್ಲಿನ ಸೀಸದ ಪುಡಿ ತುಂಬುವ ಹಳೆಯ ಉಪಾಯ ಎಷ್ಟೋ ಗಿಟಾರುಗಳ ಮಾನ ಉಳಿಸಿದೆ.

ಇಷ್ಟನ್ನೂ ತೂಗಿದಾಗ ನನಗೆ ಕಂಡದ್ದು ಇದು: 30 ಸಾವಿರದಿಂದ ಲಕ್ಷದವರೆಗಿನ ಏರಿಕೆಯಲ್ಲಿ ಗಿಟಾರೇ ಬದಲಾಗುತ್ತದೆ, ಲಕ್ಷದಿಂದ ಎರಡು ಲಕ್ಷದ ಏರಿಕೆಯಲ್ಲಿ ಗಿಟಾರಿನ ಸೌಕರ್ಯ ಮಾತ್ರ ಬದಲಾಗುತ್ತದೆ. ಆ ಸೌಕರ್ಯ ಸುಳ್ಳಲ್ಲ. ವಾರದಲ್ಲಿ ಹಲವು ರಾತ್ರಿ ವೇದಿಕೆ ಏರುವವರಿಗೆ, ಸ್ಟುಡಿಯೊದಲ್ಲಿ ಗಂಟೆಗಟ್ಟಲೆ ನುಡಿಸಿ ಸಂಪಾದಿಸುವವರಿಗೆ ಅದು ದುಡಿಮೆಯ ಖರ್ಚು, ಧಾರಾಳವಾಗಿ ಕೊಡಬಹುದು. ಮನೆಯಲ್ಲಿ ನುಡಿಸುವವರು, ಕಾಲೇಜಿನ ಬ್ಯಾಂಡಿನವರು ಅಷ್ಟು ಕೊಟ್ಟರೆ ಅದು ಸಂತೋಷಕ್ಕೆ ಕೊಟ್ಟ ಹಣ. ಅದರಲ್ಲೂ ತಪ್ಪಿಲ್ಲ, ಆದರೆ ನಾದಕ್ಕೆ ಕೊಟ್ಟೆವು ಎಂದುಕೊಳ್ಳಬಾರದು. ಲಕ್ಷಕ್ಕಿಂತ ಬಹಳ ಕೆಳಗೆ, ಸ್ಕ್ವೈಯರಿನದೇ ಕ್ಲಾಸಿಕ್ ವೈಬ್ ಸರಣಿಯಿದೆ. ಆಲ್ನಿಕೊ ಪಿಕಪ್ಪು, ಮೂಳೆಯ ನಟ್ಟು ಎರಡೂ ಅದರಲ್ಲಿವೆ. ಹಣ ಎಣಿಸಿ ಕೊಳ್ಳುವವರಿಗೆ ನನ್ನ ಶಿಫಾರಸು ಅದೇ. ಪಕ್ಕದಲ್ಲಿ ಯಮಹಾ ಪಸಿಫಿಕಾ 112ವಿ ಇದ್ದರೆ ಅದನ್ನೂ ನುಡಿಸಿ ನೋಡಬೇಕು. ಅಂದಹಾಗೆ, 2025ರಲ್ಲಿ ಫೆಂಡರ್ ಇಂಡೋನೇಷ್ಯಾದಲ್ಲಿ ತಯಾರಾಗುವ 'ಸ್ಟ್ಯಾಂಡರ್ಡ್' ಸರಣಿಗೆ ತನ್ನ ಹಣೆಪಟ್ಟಿಯನ್ನೇ ಹಚ್ಚಿತು. ಹೆಸರಿಗೂ ತಯಾರಾದ ದೇಶಕ್ಕೂ ಇದ್ದ ಗಂಟನ್ನು ಕಂಪನಿಯೇ ಹೀಗೆ ಸಡಿಲಿಸಿದೆ.

ಗಿಬ್ಸನ್ ಮತ್ತು ಅದರದೇ ಅಗ್ಗದ ಹಣೆಪಟ್ಟಿಯಾದ ಎಪಿಫೋನ್ ವಿಷಯದಲ್ಲಿ ಲೆಕ್ಕ ತುಸು ಬೇರೆ. 1952ರಲ್ಲಿ ಬಂದ ಗಿಬ್ಸನ್ನಿನ ಲೆಸ್ ಪಾಲ್ ಗಿಟಾರಿನಲ್ಲಿ ನೆಕ್ಕನ್ನು ಅಂಟಿಸಿ ಕೂರಿಸುತ್ತಾರೆ, ಬಾಡಿಯ ಮೇಲೆ ಉಬ್ಬಿದ ಮೇಪಲ್ ಹಲಗೆಯಿದೆ. ಅದನ್ನು ತಯಾರಿಸಲು ಸ್ಟ್ರಾಟೊಕಾಸ್ಟರಿಗಿಂತ ಹೆಚ್ಚಿನ ಮರಗೆಲಸ ಬೇಕು. ಅಮೆರಿಕದ ಗಿಬ್ಸನ್ನಿಗೂ ಚೀನಾದ ಎಪಿಫೋನಿಗೂ ಬೆಲೆಯಲ್ಲಿ ನಾಲ್ಕು ಪಟ್ಟಿನಷ್ಟು ಅಂತರವಿದ್ದರೂ, ಗಿಬ್ಸನ್ನಿನ ನೈಟ್ರೋಸೆಲ್ಯುಲೋಸ್ ಮೆರುಗು ನಮ್ಮ ಸೆಕೆಗೆ ಅಂಟಂಟಾಗಬಲ್ಲದು, ಹಿಂದಕ್ಕೆ ಬಾಗಿದ ಅದರ ತಲೆ ಗಿಟಾರ್ ಬಿದ್ದಾಗ ಮುರಿಯುವುದಕ್ಕೆ ಹೆಸರಾಗಿದೆ. ಹೆಚ್ಚು ಬೆಲೆಯದು ಹೆಚ್ಚು ಗಟ್ಟಿ ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಗಿಬ್ಸನ್ನಿನ ಅಮೆರಿಕನ್ ಪಿಕಪ್ಪುಗಳನ್ನೇ ಕೂರಿಸಿದ ಎಪಿಫೋನ್ ಮಾದರಿಗಳು ಈಗ ಸಿಗುವುದರಿಂದ, ಗಿಬ್ಸನ್ನನ್ನು ಹೆಸರಿನ ಮೇಲಿನ ಮಮತೆಯಿಂದ ಕೊಳ್ಳುವವರೇ ಹೆಚ್ಚು ಎನಿಸುತ್ತದೆ.

ಆ ಮಮತೆಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲದಿಲ್ಲ. ಪಿಂಕ್ ಫ್ಲಾಯ್ಡ್ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟೊಕಾಸ್ಟರ್ 2019ರ ಹರಾಜಿನಲ್ಲಿ 39.75 ಲಕ್ಷ ಡಾಲರಿಗೆ ಹೋಯಿತು. ಇನ್ನೊಂದೆಡೆ ಬ್ರಯಾನ್ ಮೇ ಹದಿಹರೆಯದಲ್ಲಿ ತಂದೆಯೊಂದಿಗೆ ಸೇರಿ, ಹಳೆಯ ಬೆಂಕಿಗೂಡಿನ ಮರದಿಂದ ನೆಕ್ಕು ಕೆತ್ತಿ ಮಾಡಿಕೊಂಡ ಗಿಟಾರನ್ನೇ ಕ್ವೀನ್ ತಂಡದಲ್ಲಿ ಬಹುಪಾಲು ನುಡಿಸುತ್ತ ಬಂದಿದ್ದಾರೆ. ನಮ್ಮ ನಿಮ್ಮ ಮಟ್ಟಕ್ಕೆ ಇಳಿದು ಹೇಳುವುದಾದರೆ, ಅಮೆರಿಕನ್ ಮತ್ತು ಮೆಕ್ಸಿಕನ್ ಫೆಂಡರುಗಳಿಗೆ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಲ್ಲಿ ಗಿರಾಕಿಗಳು ಸುಲಭವಾಗಿ ಸಿಗುತ್ತಾರೆ, ಅಗ್ಗದ ಗಿಟಾರುಗಳಿಗೆ ಚೌಕಾಸಿ ಮಾಡುವವರೇ ಹೆಚ್ಚು. ಹಾಗಾಗಿ ಹೊಸ ಅಮೆರಿಕನ್ ಗಿಟಾರಿಗೆ ಹಣ ಸಾಲದವರು ನಾಲ್ಕೈದು ವರ್ಷ ಹಳೆಯ ಮೆಕ್ಸಿಕನ್ನನ್ನು ಹುಡುಕುವುದು ಲೇಸು. ಕೊಳ್ಳುವ ಮುನ್ನ ಮೊದಲ ಮೂರು ಫ್ರೆಟ್ಟುಗಳಲ್ಲಿ ತಂತಿಯಡಿ ಕುಳಿ ಬಿದ್ದಿದೆಯೇ, ಜ್ಯಾಕಿನಲ್ಲಿ ಕೇಬಲ್ ಅಲುಗಿಸಿದಾಗ ಸದ್ದು ಕಡಿಯುತ್ತದೆಯೇ, ನೆಕ್ಕು ತಿರುಚಿಕೊಂಡಿದೆಯೇ ಎಂದು ನೋಡಬೇಕು. ಮಾರುವವರ ಒಪ್ಪಿಗೆ ಪಡೆದು ಟ್ರಸ್ ರಾಡನ್ನು ಕೀಲಿಯಿಂದ ಎರಡೂ ಕಡೆಗೆ ತುಸು ತಿರುಗಿಸಿ ನೋಡಬೇಕು. ಅದು ಕೊನೆಯವರೆಗೂ ಬಿಗಿದು ನಿಂತಿದ್ದರೆ ತಲೆಯ ಮೇಲೆ ಯಾವ ಹೆಸರಿದ್ದರೂ ಆ ಗಿಟಾರನ್ನು ಕೊಳ್ಳಬಾರದು.